ಮಾವನ ತಕ್ಕಡಿಗೆ ಎರಡು ತಟ್ಟೆ

ಹೊಳೆನರಸೀಪುರದಲ್ಲಿ ಒಬ್ಬ ಡಾಕ್ಟರಿದ್ದರು. ಅವರ ಕೈಯಲ್ಲಿ ವಾಸಿಯಾಗದವರು ಅವರನ್ನು ಬೈದದ್ದನ್ನು ನಾನು ಕೇಳಿಲ್ಲ. ಬೈಯುತ್ತಿದ್ದವರೆಲ್ಲ ವಾಸಿಯಾದವರೇ! ಇದೇನಪ್ಪ ತಲೆಕೆಳಗಾದ ಮಾತು ಅನ್ನಬೇಡಿ. ಆ ಡಾಕ್ಟರು ನನ್ನ ಖಾಸಾ ಸೋದರಮಾವ. ನನ್ನನ್ನು ಹೆತ್ತ ಬಾಣಂತನದಲ್ಲೇ ಅಮ್ಮ ತೀರಿಕೊಂಡಳು, ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರು ಸೇರಿದರು. ಆಮೇಲೆ ನನ್ನನ್ನು ಸಾಕಿದವರು ಅಜ್ಜಿ ಮತ್ತು ಈ ಮಾವ. ಅವರ ಕೈತುತ್ತು ತಿಂದು ಬೆಳೆದವಳು ನಾನು. ಆದ್ದರಿಂದ ಅವರನ್ನು ಆಡಿಕೊಳ್ಳುವ ಮೊದಲ ಹಕ್ಕೂ ನನ್ನದೇ.

ವಾಸಿಯಾದವರು ಬೈಯುತ್ತಿದ್ದದ್ದು ಯಾಕೆ ಅಂತ ಹೇಳುತ್ತೇನೆ, ಕೇಳಿ. ಮಾವನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿದ್ದ ಕಾಲ. ಅಜ್ಜಿಯೂ ನಾನೂ ಗಂಟುಮೂಟೆ ಕಟ್ಟಿಕೊಂಡು ಅವರ ಹಿಂದೆಯೇ ಹೋಗಿದ್ದೆವು. ಒಂದು ದಿನ ಬಾಗೂರಿನ ಗೌಡರೊಬ್ಬರು ಆಳುದ್ದದ ಬಾಳೆಗೊನೆ ಹೊತ್ತುಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು.

"ಸಾ, ನಿಮ್ ಕೈಗುಣ ಬಲೇ ದೊಡ್ದು. ನಿಮ್ ಔಸ್ದಿ ಕುಡ್ದೆ ನೋಡಿ, ಜರ ಬುಟ್ಟೋಯ್ತು!" ಅಂದರು.

ಇನ್ನೊಬ್ಬ ಡಾಕ್ಟರಾಗಿದ್ದರೆ ನಕ್ಕು ಗೊನೆ ಇಳಿಸಿಕೊಳ್ಳುತ್ತಿದ್ದರು. ನಮ್ಮ ಮಾವ ಕನ್ನಡಕ ಸರಿಮಾಡಿಕೊಂಡರು. "ಔಷಧಿಯಿಂದಲೇ ಹೋಯ್ತು ಅಂತ ಹೇಗೆ ಹೇಳ್ತೀರಿ ಗೌಡರೇ?"

"ಕುಡ್ದೆ, ಓಯ್ತು! ಇನ್ನೆಂಗೆ ಏಳಾದು?"

"ಕುಡಿಯದೇ ಇದ್ದಿದ್ರೂ ಹೋಗ್ತಿತ್ತೇನೋ. ನಿಮ್ಮೂರಲ್ಲಿ ಇದೇ ಜ್ವರ ಬಂದು, ಔಷಧಿ ಮುಟ್ಟದೇ ಇದ್ದವರು ಯಾರಾದರೂ ಇದ್ದಾರಾ?"

"ನಮ್ ತಮ್ಮ ಅವ್ನೆ. ಕಹಿ, ಬ್ಯಾಡ ಅಂತ ಅಟ ಮಾಡ್ದ."

"ಅವನು ಈಗ ಹೇಗಿದ್ದಾನೆ?"

"ಈ ಗೊನೆ ಕಡ್ದು ನನ್ ತಲೆ ಮ್ಯಾಲೆ ಒರ್ಸಿದ್ದೇ ಅವ್ನು ಸಾ!"

"ಮತ್ತೆ?" ಅಂದರು ಮಾವ, ಗೆದ್ದವರ ಹಾಗೆ.

ಗೌಡರ ಮುಖ ಸಪ್ಪಗಾಯಿತು. ಅಷ್ಟು ದೂರ ಗೊನೆ ಹೊತ್ತು ತಂದವರಿಗೆ ಹೇಗಾಗಿರಬೇಡ! "ಅಂಗಾರೆ ಗೊನೆ ವಾಪಸ್ ತಕ್ಕೊಂಡೋಗ್ಲಾ ಸಾ?" ಅಂದರು. ಮಾವ ಹೂಂ ಅನ್ನುವ ಮೊದಲೇ ಒಳಗಿನಿಂದ ಅಜ್ಜಿ ಗುಡುಗಿದಳು.

"ಲೇ, ಬಾಯ್ಮುಚ್ಚು! ಗೌಡ್ರೇ, ಗೊನೆ ಇತ್ಲು ಬಾಗ್ಲಿಗೆ ತನ್ನಿ. ಕೈಗುಣ ಅವಂದಲ್ಲ, ನಂದು. ಔಸ್ದಿ ಬಾಟ್ಲಿ ತೊಳ್ದು ಮಡಗಾಳು ನಾನು!"

ಆ ಗೊನೆಯ ಹಣ್ಣನ್ನು ಎಲ್ಲರಿಗಿಂತ ಹೆಚ್ಚು ತಿಂದವರು ಯಾರು ಅಂತ ನೀವು ಕೇಳಬೇಡಿ, ನಾನು ಹೇಳುವುದೂ ಇಲ್ಲ.

ಮಾವನ ಈ ಹುಚ್ಚಿನ ಬೇರು ನಮ್ಮ ಅಜ್ಜನ ದಿನಸಿ ಅಂಗಡಿಯಲ್ಲಿತ್ತು. ನಮ್ಮದು ವ್ಯಾಪಾರದ ಮನೆತನ. ಮಾವ ತಕ್ಕಡಿ ಹಿಡಿಯುವುದನ್ನು ಕಲಿತ ಮೇಲೆ ಸ್ಟೆತಾಸ್ಕೋಪು ಹಿಡಿದವರು. ಯಾರಾದರೂ "ಇದು ತಿಂದೆ, ಅದು ವಾಸಿಯಾಯ್ತು" ಅಂದರೆ ಸಾಕು, "ಒಂದೇ ತಟ್ಟೆಯ ತಕ್ಕಡೀಲಿ ಬೆಲ್ಲ ತೂಗೋಕಾಗುತ್ತೇನ್ರೀ? ಇನ್ನೊಂದು ತಟ್ಟೆ ಎಲ್ಲಿ?" ಅನ್ನುವರು. ತಿಂದವರು ಒಂದು ತಟ್ಟೆಗೆ, ತಿನ್ನದವರು ಇನ್ನೊಂದು ತಟ್ಟೆಗೆ. ಎರಡೂ ಕಡೆಯವರು ವಯಸ್ಸಿನಲ್ಲಿ, ಕಸುವಿನಲ್ಲಿ, ಕಾಯಿಲೆಯಲ್ಲಿ ಒಂದೇ ಸಮ ಇರಬೇಕು. ಆಗ ಮುಳ್ಳು ಯಾವ ಕಡೆ ವಾಲುತ್ತದೋ ನೋಡಿ ಮಾತಾಡಬೇಕು. ಅಲ್ಲಿಯವರೆಗೆ ಯಾರೂ ಬಾಯಿ ಬಿಡಕೂಡದು! ಹೀಗೆಂದರೆ ಹೊಟ್ಟೆನೋವಿನವನು ಏನು ಮಾಡಬೇಕು? ಮುಳ್ಳು ವಾಲುವ ತನಕ ಹೊಟ್ಟೆ ಹಿಡಿದುಕೊಂಡು ಕೂರಬೇಕೇ?

ಒಂದು ಸಲ ನಮ್ಮ ಮೂವರಿಗೂ ನೆಗಡಿಯಾಯಿತು. ಅಜ್ಜಿ ಮೆಣಸಿನ ಕಷಾಯ ಕಾಯಿಸಿದಳು. ಮಾವ ಲೋಟಕ್ಕೆ ಅಂಗೈ ಅಡ್ಡ ಹಿಡಿದು, "ತಡಿ, ಅರ್ಧ ಜನ ಕುಡಿಯೋಣ, ಅರ್ಧ ಜನ ಬಿಡೋಣ" ಅಂದರು. ಆಮೇಲೆ, ಮೂವರನ್ನು ಎರಡು ಪಾಲು ಮಾಡುವುದು ಹೇಗೆ ಅಂತ ಅವರಿಗೇ ತಲೆಬಿಸಿಯಾಯಿತು. "ಕೊಟ್ಟಿಗೇಲಿ ಎಮ್ಮೆ ಸೀನ್ತಾ ಅದೆ, ಅದುನ್ನೂ ಸೇರ್ಸ್ಕೊ" ಅಂದು ಅಜ್ಜಿ ಎರಡು ಲೋಟ ಕಷಾಯವನ್ನು ತಾನೇ ಕುಡಿದು ಮಲಗಿದಳು.

ಮದುವೆಯ ಕಥೆಯಂತೂ ಇನ್ನೂ ಚೆನ್ನ. ಅರಕಲಗೂಡಿನಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಒಳ್ಳೆ ಮನೆತನ, ಹುಡುಗಿ ಚಿನ್ನದಂಥವಳು, ಉಪ್ಪಿಟ್ಟೂ ಚೆನ್ನಾಗಿತ್ತು. ಹುಡುಗಿಯ ತಂದೆ, "ನಮ್ಮ ಮಗಳನ್ನ ಮಾಡ್ಕೊಂಡ್ರೆ ನೀವು ಸುಖವಾಗಿರ್ತೀರಿ ಡಾಕ್ಟ್ರೇ" ಅಂದುಬಿಟ್ಟರು. ಪಾಪ, ಎಲ್ಲ ಹೆಣ್ಣು ಹೆತ್ತವರೂ ಅನ್ನುವ ಮಾತು. ಅಜ್ಜಿ ಮಾವನ ತೊಡೆ ಚಿವುಟುವ ಮೊದಲೇ ಅನಾಹುತ ಆಗಿಹೋಯಿತು.

"ಮಾಡ್ಕೊಳ್ಳದೇ ಇದ್ದವರು ಎಷ್ಟು ಸುಖವಾಗಿದ್ದಾರೆ ಅಂತ ವಿಚಾರಿಸಿದ್ದೀರಾ?" ಅಂದರು ನಮ್ಮ ಮಾವ.

ಆ ಯಜಮಾನರು ಎದ್ದು ನಿಂತರು. "ಇಡೀ ಅರಕಲಗೂಡೇ ನಮ್ಮ ಮಗಳನ್ನ ಮಾಡ್ಕೊಳ್ಳದೆ ಸುಖವಾಗೈತೆ ಸ್ವಾಮಿ. ನೀವೂ ಅದೇ ತಟ್ಟೇಲಿ ಕೂತ್ಕೊಳ್ಳಿ!" ಅಂದು ಬಾಗಿಲು ತೋರಿಸಿದರು. ಮಾವ ಅವತ್ತು ಕೂತ ತಟ್ಟೆಯಿಂದ ಮತ್ತೆ ಏಳಲೇ ಇಲ್ಲ. ವಾಪಸು ಬರುವ ದಾರಿಯುದ್ದಕ್ಕೂ ಅಜ್ಜಿ ಅತ್ತಳು. "ಆದರೂ ನಾನು ಕೇಳಿದ್ದು ಸರಿಯಾಗೇ ಇತ್ತಲ್ಲ" ಅಂತ ಮಾವ ಗೊಣಗುತ್ತಿದ್ದರು.

ಇಂಥವರ ಮನೆಗೆ ನಾನು ಚೊಚ್ಚಿಲು ಬಸುರಿಯಾಗಿ ಬಂದೆ ನೋಡಿ!

ಯುದ್ಧದ ಕಾಲ. ನನ್ನನ್ನು ಕೊಟ್ಟದ್ದು ಚನ್ನರಾಯಪಟ್ಟಣಕ್ಕೆ. ಅಷ್ಟು ಹೊತ್ತಿಗೆ ಮಾವ ನಮ್ಮ ಊರಾದ ಹೊಳೆನರಸೀಪುರಕ್ಕೇ ವರ್ಗ ಮಾಡಿಸಿಕೊಂಡು ಬಂದಿದ್ದರು. ವಾಂತಿ ತಡೆಯಲಾರದೆ ನಾನು ಮೊದಲ ತಿಂಗಳುಗಳಲ್ಲೇ ತವರಿಗೆ ಹೊರಟೆ. ಆಗ ಪೆಟ್ರೋಲಿಲ್ಲ, ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಏರು ಬಂದಲ್ಲಿ ಬಸ್ಸು ನಿಲ್ಲುತ್ತಿತ್ತು, ಬಸ್ಸು ನಿಂತಲ್ಲಿ ನಾನು ವಾಂತಿ ಮಾಡುತ್ತಿದ್ದೆ. ಹಾಗೆ ಬಂದು ಜಗುಲಿಯ ಮೇಲೆ ಕುಸಿದವಳಿಗೆ ಅಜ್ಜಿ ಒಂದು ಚೊಂಬು ನೀರು ತಂದುಕೊಟ್ಟಳು. ನಾನು ಗಟಗಟ ಕುಡಿದೆ.

"ಈಗ್ಲೇ ಕುಡ್ಕೊ ಮಗಾ. ಎತ್ತ ಮ್ಯಾಕೆ ಸಿಕ್ಕಾಕಿಲ್ಲ" ಅಂದಳು.

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಆಗ ನಮ್ಮ ಕಡೆ ಬಾಣಂತಿಗೆ ಕುಡಿಯಲು ನೀರು ಕೊಡುತ್ತಿರಲಿಲ್ಲ. ಕೊಟ್ಟರೆ ಹೊಟ್ಟೆ ಊದುತ್ತದೆ, ಮಗುವಿಗೆ ಶೀತವಾಗುತ್ತದೆ, ಕೊನೆಗೆ ಸನ್ನಿ ಹಿಡಿದು ಪ್ರಾಣವೇ ಹೋಗುತ್ತದೆ ಅಂತ ಭಯ. ಬಿಸಿ ಅನ್ನ, ತುಪ್ಪ, ಮೆಣಸಿನ ಪುಡಿ, ಬಾಯಿತುಂಬ ವೀಳ್ಯ. ತೀರ ಗೋಗರೆದರೆ ಮಗುವಿಗೆ ಹಾಲು ಹಾಕುವ ಒಳಲೆಯಲ್ಲಿ ಒಂದು ಗುಟುಕು ಬಿಸಿನೀರು. ಬಾಣಂತಿಯ ತಲೆಗೆ ಎರೆಯುವುದು ಹಂಡೆಗಟ್ಟಲೆ, ಗಂಟಲಿಗೆ ಇಳಿಸುವುದು ಹನಿಯೂ ಇಲ್ಲ!

ಮಾವ ಕೆರಳಿದರು. "ಅವ್ವ, ನೀರು ಕುಡಿದರೆ ಸನ್ನಿ ಬರುತ್ತೆ ಅನ್ನೋಕೆ ಏನು ಆಧಾರ?"

"ನಾನು ಎತ್ತಿಲ್ವಾ? ನೀರ್ ಮುಟ್ದೆ ಗುಂಡುಕಲ್ಲಂಗೆ ಕೂತಿಲ್ವಾ?"

"ಒಂದು ತಟ್ಟೆ!"

"ಅಂಗಾರೆ ಇನ್ನೊಂದು ತಟ್ಟೆ ನೀನೇ ತತ್ತಾ. ನೀರ್ ಕುಡ್ದೋರು ಚೆನ್ನಾಗವ್ರೆ ಅಂತ ಕಣ್ಣಾರೆ ತೋರ್ಸು, ನಾನೇ ನನ್ ಕೈಯಾರ ಇವ್ಳಿಗೆ ಕುಡುಸ್ತೀನಿ. ತೋರ್ಸಕ್ಕಾಗ್ದಿದ್ರೆ ಬಾಯ್ ಮುಚ್ಕಂಡು ಜಗ್ಲಿ ಮ್ಯಾಲೆ ಬಿದ್ದಿರ್ಬೇಕು."

"ಇವಳು ಹೆರೋದ್ರೊಳಗೆ ತೋರಿಸ್ತೀನಿ!"

ತಾಯಿ ಮಗ ಪಂದ್ಯ ಕಟ್ಟಿದರು, ಪಣಕ್ಕೆ ಬಿದ್ದದ್ದು ನನ್ನ ಗಂಟಲು. ಮೇಲೆ ನಗುತ್ತಿದ್ದೆ, ಒಳಗೆ ಭಯವಿತ್ತು. ಅಮ್ಮ ಇದೇ ಮನೆಯಲ್ಲಿ, ಇದೇ ಕೋಣೆಯಲ್ಲಿ ಹೋದವಳು. ಮಾವನನ್ನು ಒಬ್ಬರೇ ಇದ್ದಾಗ ಹಿಡಿದು ಕೇಳಿದೆ. "ನೀವು ಡಾಕ್ಟರಲ್ವೇ ಮಾವ? ಕೊಡಲೇಬೇಕು ಅಂತ ಗದರಿಸಿಬಿಡಿ."

"ನನಗೆ ಗೊತ್ತಿಲ್ಲವಲ್ಲ ಕಣೆ!" ಅಂದರು, ಸಂಕಟದಿಂದ. "ನೀರು ಕೊಟ್ಟರೆ ಒಳ್ಳೇದು ಅಂತ ನನಗೆ ಅನ್ನಿಸುತ್ತೆ. ಕೊಡದಿದ್ರೆ ಒಳ್ಳೇದು ಅಂತ ನಿಮ್ಮಜ್ಜಿಗೆ ಅನ್ನಿಸುತ್ತೆ. ಅವಳಿಗೆ ಅನ್ನಿಸಿದ್ದಕ್ಕೆ ಆಧಾರ ಕೇಳೋದು, ನನಗೆ ಅನ್ನಿಸಿದ್ದನ್ನ ಸುಮ್ಮನೆ ನಂಬೋದು, ಇದ್ಯಾವ ನ್ಯಾಯ?"

ಇಂಥ ನ್ಯಾಯವಂತರ ಕೈಗೆ ಯಾವ ಬಸುರಿಯೂ ಸಿಕ್ಕಬಾರದು ಅಂತ ಅವತ್ತು ಅನ್ನಿಸಿತ್ತು.

ಮೊದಲು ಮಾವ ಬೀದಿಬೀದಿಯ ಮುದುಕಿಯರನ್ನು ವಿಚಾರಿಸಲು ಹೊರಟರು. ಬಾಣಂತನದಲ್ಲಿ ನೀರು ಕುಡಿದಿರೋ ಇಲ್ಲವೋ, ಆಮೇಲೆ ಹೇಗಿದ್ದಿರಿ? ಎಲ್ಲ ಅಜ್ಜಿಯರದೂ ಒಂದೇ ಉತ್ತರ. "ತೊಟ್ಟು ಕುಡಿದಿಲ್ಲ ಡಾಕ್ಟ್ರೇ, ನೋಡಿ ಎಂಗಿವ್ನಿ!" ಮಾವ ಸಪ್ಪೆ ಮುಖ ಹೊತ್ತು ಮನೆಗೆ ಬಂದರು. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ಕೂಗಿಕೊಂಡರು. "ಅಯ್ಯೋ, ನಾನೆಂಥ ದಡ್ಡ! ಬದುಕಿರೋರನ್ನ ಮಾತ್ರ ಕೇಳಿದೆನಲ್ಲ! ನೀರಿಲ್ಲದೆ ಸತ್ತೋರು ಸಾಕ್ಷಿ ಹೇಳೋಕೆ ಜಗುಲಿ ಮೇಲೆ ಕೂತಿರ್ತಾರಾ?"

"ಓಗಿ ಕೇಳ್ಕಂಡ್ ಬಾ. ಒಳೆ ದಡದಾಗೆ ಸಾಲಾಗಿ ಮಲ್ಗವ್ರೆ" ಅಂದಳು ಅಜ್ಜಿ, ಸಾರು ಬಡಿಸುತ್ತ. ಹಾಗೆ ಅಂದವಳು ಸೌಟು ಅಲ್ಲೇ ಬಿಟ್ಟು ಒಳಗೆ ಹೋದಳು. ಮಾವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. ನಮ್ಮ ಅಮ್ಮನನ್ನು ಮಣ್ಣು ಮಾಡಿದ್ದೂ ಆ ಹೊಳೆ ದಡದಲ್ಲೇ.

ಎರಡನೆಯ ಸಲ ಮಾವ ಹಾಸನಕ್ಕೆ ಹೋದರು. ಅಲ್ಲಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಕೇಳಿದಷ್ಟು ನೀರು ಕೊಡುತ್ತಿದ್ದರಂತೆ, ಮನೆಯಲ್ಲಿ ಹೆತ್ತವರಿಗೆ ಇಲ್ಲ. ಎರಡು ತಟ್ಟೆ ತಾವಾಗಿಯೇ ಸಿಕ್ಕಿತಲ್ಲ ಅಂತ ಕುಣಿದುಕೊಂಡು ಹೋದವರು ಸಂಜೆ ಬಸ್ಸಿಳಿದು ಕಾಲೆಳೆದುಕೊಂಡು ಬಂದರು. ನೀರು ಕೊಟ್ಟ ಕಡೆಯೇ ಹೆಚ್ಚು ಜನ ತೀರಿಕೊಂಡಿದ್ದರು!

ಅಜ್ಜಿಗೆ ಹಬ್ಬ. "ನೋಡ್ದೇನ್ಲಾ? ನಾನೇನಂದೆ?"

"ಅಲ್ಲ ಅವ್ವ, ಸುಸೂತ್ರವಾಗಿ ಹೆರೋರು ಮನೇಲೇ ಹೆರ್ತಾರೆ. ಮಗು ಅಡ್ಡ ಸಿಕ್ಕಿಕೊಂಡು, ಇನ್ನು ಆಗಲ್ಲ ಅಂದಾಗ ಗಾಡಿ ಕಟ್ಟಿ ಆಸ್ಪತ್ರೆಗೆ ತರ್ತಾರೆ. ಒಂದು ತಟ್ಟೇಲಿ ಕಾಳು, ಇನ್ನೊಂದರಲ್ಲಿ ಬರೀ ಹೊಟ್ಟು ಹಾಕಿದ ಹಾಗಾಯ್ತು. ಇದು ತೂಕ ಅಲ್ಲ!"

"ಸೋತಾಗೆಲ್ಲ ತಕ್ಕಡಿ ಸರಿಗಿಲ್ಲ ಅನ್ನು. ನಿಮ್ಮಪ್ಪನ ಅಂಗ್ಡೀಲಿ ಗಿರಾಕಿಗಳೂ ಇಂಗೇ ಅಂತಿದ್ರು" ಅಂದಳು ಅಜ್ಜಿ.

ಇಷ್ಟಾದರೂ ಬಿಟ್ಟರೇ? ಇಲ್ಲ. ಒಂದೇ ಸಮನಾದ ಎರಡು ತಟ್ಟೆ ಬೇಕಾದರೆ ನಾವೇ ಪಾಲು ಮಾಡಬೇಕು ಅಂತ ತೀರ್ಮಾನಿಸಿದರು. ಊರಲ್ಲಿ ಹೆರುವವರಲ್ಲಿ ಒಬ್ಬಳಿಗೆ ನೀರು, ಮುಂದಿನವಳಿಗೆ ಇಲ್ಲ, ಅದರ ಮುಂದಿನವಳಿಗೆ ನೀರು. ಈಗ ಯಾರಿಗೂ ಕೊಡುತ್ತಿಲ್ಲ, ಅರ್ಧ ಜನಕ್ಕಾದರೂ ಕೊಟ್ಟಂತಾಗುತ್ತದಲ್ಲ ಅಂತ ಅವರ ಸಮಾಧಾನ. ಆದರೆ ನಮ್ಮ ಊರಿನ ಅತ್ತೆಯರೆಂದರೆ ಸಾಮಾನ್ಯವೇ? ಸರದಿ ಹೀಗೆ ಬರುತ್ತದೆ ಅಂತ ಎರಡೇ ವಾರದಲ್ಲಿ ಕಂಡುಹಿಡಿದರು. ನೀರಿನ ಸರದಿ ಇದ್ದಾಗ ಯಾರ ಮನೆಯಲ್ಲೂ ಹೆರಿಗೆಯೇ ಇಲ್ಲ! ಮಗು ಅಳುವುದು ಬೀದಿಗೆಲ್ಲ ಕೇಳುತ್ತಿದೆ, ಕೇಳಿದರೆ "ಇನ್ನೂ ನೋವು ಬಂದಿಲ್ಲ ಕಣ್ ಸಾ" ಅನ್ನುತ್ತಾರೆ. ಸರದಿಯ ಲೆಕ್ಕ ಗೊತ್ತಿಲ್ಲದ ಯಾರೋ ಮೊದಲು ಸುದ್ದಿ ಹೇಳಿ ನೀರಿನ ಸರದಿ ಕಳೆದ ಮೇಲೆಯೇ ಇವರು ಹೇಳುವುದು. ಸರದಿ ಬೇಡ, ಚೀಟಿ ಎತ್ತಿ ಅಂದರೆ, "ನಮ್ ಸೊಸೆ ಪ್ರಾಣ ಏನು ಚೀಟಿ ದುಡ್ಡಾ?" ಅಂತ ಜಗಳಕ್ಕೇ ಬಂದರು.

ಆಗ ದಾರಿ ತೋರಿಸಿದವನು ನಮ್ಮ ಬೀದಿಯ ಕೊನೆಯ ಅಮ್ಮನ ಗುಡಿಯ ಪೂಜಾರಪ್ಪ. ನಮ್ಮ ಕಡೆ ಮದುವೆ, ಜಮೀನು, ಹಸು ಕೊಳ್ಳುವುದು, ಏನೇ ಇರಲಿ, ಜನ ಅಮ್ಮನನ್ನು ಹೂ ಕೇಳುತ್ತಾರೆ. ಪೂಜಾರಿ ವಿಗ್ರಹದ ಎಡಕ್ಕೊಂದು ಬಲಕ್ಕೊಂದು ಹೂವನ್ನು ಗಂಧದಲ್ಲಿ ಅಂಟಿಸಿ ಮಂಗಳಾರತಿ ಮಾಡುತ್ತಾನೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡದ್ದು ಬಿದ್ದರೆ ಬೇಡ ಅಂತ. ಅಮ್ಮ ಹೇಳಿದ ಮೇಲೆ ಮುಗಿಯಿತು, ಅಪೀಲಿಲ್ಲ.

"ನೀವು ಏಳಿದ್ರೆ ಯಾರೂ ಕೇಳಾಕಿಲ್ಲ ಸಾ. ಅಮ್ಮ ಏಳಿದ್ರೆ ಕೇಳ್ತಾರೆ. ಬಲುಕ್ಕೆ ಬಿದ್ರೆ ನೀರು, ಎಡುಕ್ಕೆ ಬಿದ್ರೆ ಇಲ್ಲ. ಆಗ್ಬೋದಾ?" ಅಂದ ಪೂಜಾರಪ್ಪ.

ಮಾವ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ! ಯಾರ ಕೈವಾಡವೂ ಇಲ್ಲ, ಮುಂದೆ ಏನು ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ದೇವಿಗೆ ಪಕ್ಷಪಾತವೆಂಬುದೇ ಇಲ್ಲ. "ಇಂಗ್ಲೆಂಡಿನವರಿಗೂ ಇಷ್ಟು ಚೆನ್ನಾಗಿ ಹೊಳೆದಿಲ್ಲ ಕಣೆ!" ಅಂದರು ನನ್ನ ಹತ್ತಿರ. ಅತ್ತೆಯರೂ ಒಪ್ಪಿದರು. ಹೂ ಬಿತ್ತು. ಬಲಕ್ಕೆ. ಮುಂದಿನದೂ ಬಲಕ್ಕೆ. ಅದರ ಮುಂದಿನದೂ ಬಲಕ್ಕೆ. ತಿಂಗಳು ಕಳೆದರೂ ಒಂದು ಹೂವೂ ಎಡಕ್ಕೆ ಬೀಳಲಿಲ್ಲ. ಒಂದು ತಟ್ಟೆ ತುಂಬಿ ನೆಲ ಮುಟ್ಟಿತು, ಇನ್ನೊಂದು ತಟ್ಟೆ ಖಾಲಿ ಆಕಾಶದಲ್ಲಿ.

ಮಾವ ಗುಡಿಗೆ ಹೋಗಿ ಪೂಜಾರಪ್ಪನನ್ನು ಹಿಡಿದುಕೊಂಡರು.

"ಏನಯ್ಯ ಇದು?"

"ಏನಿಲ್ಲ ಸಾ. ಎಡುದ್ ಊವಿಗೆ ಗಂಧ ಒಸಿ ಗಟ್ಟಿಯಾಗ್ ಮೆತ್ತೀನಿ. ಬಲುದ್ದು ಸುಮ್ಕೆ ತಗುಲಾಕ್ತೀನಿ."

"ಇದು ಮೋಸ ಅಲ್ವೇನಯ್ಯ?"

"ಮೋಸ ಎಂಗಾದಾತು ಸಾ? ಊವ ಕೇಳಾಕ್ ಬರೋರು ಬಲುಕ್ಕೆ ಬೀಳ್ಳಿ ಅಂತ್ಲೇ ಬರಾದು. ಎಡುಕ್ ಬಿದ್ರೆ ಅಳ್ತಾರೆ. ಅವ್ರು ಅಳಾದು ನಮ್ ಅಮ್ಮಂಗೆ ಆಗಾಕಿಲ್ಲ. ನಮ್ಮಪ್ಪನ್ ಕಾಲ್ದಿಂದ್ಲೂ ಇಂಗೇಯ."

ಮಾವ ಅವನಿಂದ ಅಮ್ಮನ ಮುಂದೆಯೇ ಆಣೆ ಇಡಿಸಿದರು. ಇನ್ನು ಮೇಲೆ ಎರಡು ಹೂವಿಗೂ ಒಂದೇ ಸಮ ಗಂಧ! ಪೂಜಾರಪ್ಪ ಮಾತಿಗೆ ನಿಂತ. ಪರಿಣಾಮ ಏನಾಯಿತು ಗೊತ್ತೇ? ಕೂಡಿಬಂದಿದ್ದ ಮದುವೆಗಳು ಒಂದೊಂದಾಗಿ ಮುರಿಯತೊಡಗಿದವು. ಎಂದೂ ಎಡಕ್ಕೆ ಬೀಳದ ಹೂ ಎಡಕ್ಕೆ ಬೀಳುತ್ತಿದೆ, ಅಮ್ಮನಿಗೆ ಊರ ಮೇಲೆ ಮುನಿಸು ಬಂದಿದೆ ಅಂತ ಗುಲ್ಲೆದ್ದಿತು. ಹೆಣ್ಣು ಹೆತ್ತವರೆಲ್ಲ ಮಾವನನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ತಾನಂತೂ ಆಗಲಿಲ್ಲ, ಆಗುವವರಿಗೂ ಬಿಡಲಿಲ್ಲ!

ಅಂತೂ ಎರಡು ತಟ್ಟೆ ಸಿದ್ಧವಾಯಿತು. ಹೂ ಬಲಕ್ಕೆ ಬಿದ್ದ ಮನೆಗಳಿಗೆ ಮಾವ ಕಾಯಿಸಿ ಆರಿಸಿದ ನೀರನ್ನು ತಾವೇ ಸೈಕಲ್ಲಿನಲ್ಲಿ ಕೊಂಡೊಯ್ದು ಕೊಡುತ್ತಿದ್ದರು. ಹೇಮಾವತಿ ದಡದ ಊರಿನಲ್ಲಿ ಮನೆಮನೆಗೆ ನೀರು ಹಂಚುವ ಡಾಕ್ಟರು! ಜನ ನಗಲಿಲ್ಲ ಅಂದರೆ ನಂಬುತ್ತೀರಾ? ನನಗೆ ದಿನ ತುಂಬುತ್ತಾ ಬಂತು. ಮಾವ ರಾತ್ರಿ ಹಗಲು ಲೆಕ್ಕ ಹಾಕಿದರು. ನೀರಿನವರೂ ಸರಿ, ನೀರಿಲ್ಲದವರೂ ಸರಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮುಳ್ಳು ಅಲ್ಲಾಡಲೇ ಇಲ್ಲ.

ಇದರ ಗುಟ್ಟು ಒಡೆದದ್ದು ನಾನು. ಬಾಣಂತಿಯರನ್ನು ನೋಡಲು ಹೆಂಗಸರು ಹೋದರೆ ಮಾತು ಬೇರೆ ತಾನೇ? ನೀರು ಕುಡಿ ಅಂದ ಮನೆಯಲ್ಲಿ ಮಾವ ಬೆನ್ನು ತಿರುಗಿಸಿದ ಕೂಡಲೇ ಅತ್ತೆ ಆ ನೀರನ್ನು ಹಿತ್ತಲಿಗೆ ಸುರಿಯುತ್ತಿದ್ದಳು. ಕುಡಿಯಬೇಡ ಅಂದ ಮನೆಯ ಬಾಣಂತಿ, ತಲೆಗೆ ಎರೆಸಿಕೊಳ್ಳುವಾಗ ಬಾಯಿ ತೆರೆದು ಹಂಡೆಯ ನೀರನ್ನೇ ನುಂಗುತ್ತಿದ್ದಳು. ಕುಡಿಯಬೇಕಾದವಳು ಕುಡಿಯಲಿಲ್ಲ, ಕುಡಿಯಬಾರದವಳು ಹೊಟ್ಟೆ ತುಂಬ ಕುಡಿದಳು. ಆ ಮುದುಕಿಯರು "ತೊಟ್ಟು ಕುಡಿದಿಲ್ಲ" ಅಂದದ್ದರ ಒಳಗುಟ್ಟೂ ಇದೇ ಇರಬೇಕು! ಮಾವನ ಅಷ್ಟು ದಿನದ ಸಂಶೋಧನೆಯಿಂದ ಖಚಿತವಾಗಿ ಗೊತ್ತಾದದ್ದು ಒಂದೇ. ಕಾಯಿಸಿ ಆರಿಸಿದ ನೀರು ಹಾಕಿದರೆ ಹಿತ್ತಲಿನ ಕರಿಬೇವು ಬಹಳ ಚೆನ್ನಾಗಿ ಚಿಗುರುತ್ತದೆ!

ಇದನ್ನು ಹೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ನಗಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ, "ಇನ್ನು ಹೊತ್ತಿಲ್ಲ ಕಣೆ" ಅಂದರು. ಆಗ ನನ್ನ ನಗುವೂ ನಿಂತಿತು. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಬಾಯಿಗೆ ಬಂತು. "ಊರವರನ್ನೆಲ್ಲ ತೂಗಿದಿರಿ. ನಮ್ಮ ಅಮ್ಮನ ಮಾತು ಮಾತ್ರ ಒಂದು ಸಲವೂ ಎತ್ತಲಿಲ್ಲವಲ್ಲ ಮಾವ?"

"ಒಂದು ಸಾವಿನಿಂದ ಏನೂ ಗೊತ್ತಾಗೋಲ್ಲ" ಅಂದರು. ಅಷ್ಟು ಹೇಳಿ ಸೈಕಲ್ಲು ಹತ್ತಿ ಹೊರಟುಹೋದರು.

ನನಗೆ ನೋವು ಶುರುವಾದದ್ದು ಒಂದು ಬೆಳಿಗ್ಗೆ, ಶ್ರೀರಾಮನವಮಿ ಕಳೆದ ಮೇಲಿನ ಬಿರುಬಿಸಿಲಿನಲ್ಲಿ. ಸೂಲಗಿತ್ತಿ ಬಂದು ಕೂತ ಮೇಲೆ ಅಜ್ಜಿ ಅಮ್ಮನಿಗೆ ದೀಪ ಹಚ್ಚಿ ಬರುತ್ತೇನೆಂದು ಗುಡಿಗೆ ಹೋಗಿಬಂದಳು. ಮಧ್ಯಾಹ್ನಕ್ಕೆ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಕ್ಷೇಮ. ಆದರೆ ಆ ಬಾಯಾರಿಕೆ ಇತ್ತಲ್ಲ, ಅದನ್ನು ನಾನು ಹೇಗೆ ಹೇಳಲಿ! ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಣಗಿ ನಾಲಿಗೆ ಮೇಲಕ್ಕೆ ಅಂಟಿಕೊಂಡಿತ್ತು.

"ಅಜ್ಜಿ, ನೀರು" ಅಂದೆ.

ಅಜ್ಜಿ ಕೇಳಿಸದವಳ ಹಾಗೆ ಮಗುವಿನ ಬಟ್ಟೆ ಸರಿಮಾಡಿದಳು.

"ಅಜ್ಜಿ, ಒಂದೇ ಒಂದು ಗುಟುಕು."

ಬಾಗಿಲಾಚೆ ಮಾವ ನಿಂತಿದ್ದರು. ಅವರ ನೆರಳು ಹೊಸ್ತಿಲ ಮೇಲೆ ಬಿದ್ದಿತ್ತು. ಪಂದ್ಯದಲ್ಲಿ ಸೋತವರು, ನಡುವೆ ಬಾಯಿ ಹಾಕುವ ಹಾಗಿರಲಿಲ್ಲ. ಅಜ್ಜಿ ತಲೆ ಎತ್ತದೆ ಹೇಳಿದಳು. "ಲೇ, ಗುಡಿಗೋಗು. ಊವ ಕೇಳು. ಬಲುಕ್ ಬಿದ್ರೆ ಕೊಡ್ತೀನಿ. ಎಡುಕ್ ಬಿದ್ರೆ ಇಲ್ಲ."

ಮಾವನ ಚಪ್ಪಲಿಯ ಸದ್ದು ಬೀದಿಯ ಕೊನೆಯವರೆಗೆ ಕೇಳಿಸಿತು. ಎರಡು ಹೂವಿಗೂ ಒಂದೇ ಸಮ ಗಂಧ! ಆ ಆಣೆ ಇಡಿಸಿದ ಮಾವನನ್ನು ನಾನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ದೇವರಾಣೆ, ವಾಸಿಯಾದ ರೋಗಿಗಳೂ ಅಷ್ಟು ಬೈದಿರಲಾರರು.

ಅವರು ಓಡೋಡಿ ಬಂದರು. ಬೆವರಿನಲ್ಲಿ ತೊಯ್ದ ಅಂಗೈಯಲ್ಲಿ ಒಂದು ಕಣಗಿಲೆ ಹೂ. "ಬಲಕ್ಕೆ ಬಿತ್ತು ಅವ್ವ" ಅಂದರು.

ಅಜ್ಜಿ ಎದ್ದುಹೋಗಿ ಚೊಂಬು ತಂದಳು. ನೀರು ಆಗಲೇ ಕಾಯಿಸಿ ಆರಿಸಿ ಇಟ್ಟದ್ದಾಗಿತ್ತು. ನನ್ನ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿದಳು. ಅವಳ ಅವಸರಕ್ಕೆ ಅರ್ಧ ನೀರು ನನ್ನ ಎದೆಯ ಮೇಲೆ ಚೆಲ್ಲಿತು.

"ಕುಡಿ ಮಗಾ, ಕುಡಿ. ನಿಮ್ಮವ್ವನೂ ಕೇಳಿದ್ಲು. ನಾನು ಕೊಡ್ಲಿಲ್ಲ" ಅಂದಳು.

ಹೊಸ್ತಿಲಿನ ಮೇಲಿದ್ದ ನೆರಳು ಸರಿದುಹೋಯಿತು. ನಾನು ಅಳುತ್ತಲೇ ಕುಡಿದೆ, ಕುಡಿಯುತ್ತಲೇ ಅತ್ತೆ. ಅಂಥ ಸಿಹಿ ನೀರನ್ನು ಆಮೇಲೆ ನಾನು ಎಲ್ಲೂ ಕುಡಿದಿಲ್ಲ.

ಮಗುವಿನ ನಾಮಕರಣಕ್ಕೆ ಪೂಜಾರಪ್ಪ ಪ್ರಸಾದ ತಂದಿದ್ದ. ಊಟವಾದ ಮೇಲೆ ತೊಟ್ಟಿಲ ಹತ್ತಿರ ನಿಂತು ನನ್ನೊಬ್ಬಳಿಗೇ ಕೇಳಿಸುವ ಹಾಗೆ ಹೇಳಿದ. "ಅವತ್ತು ಡಾಕ್ಟ್ರು ಏದುಸ್ರು ಬುಟ್ಕಂಡ್ ಬಂದ್ರು ಕಣವ್ವ. 'ಹೂವು ಬಲಕ್ಕೇ ಬೀಳಬೇಕು ಪೂಜಾರಪ್ಪ' ಅಂದ್ರು. 'ಒಂದೇ ಸಮ ಗಂಧ ಅಂತ ಆಣೆ ಇಡ್ಸಿದ್ರಲ್ಲ ಸಾ' ಅಂದೆ. 'ಆಣೆ ಪಾಪ ನನಗಿರಲಿ, ಬಲಕ್ಕೆ ಬೀಳಿಸು' ಅಂತ ನನ್ ಕೈ ಇಡ್ಕಂಡ್ರು. ನಾನು ನಕ್ಬುಟ್ಟೆ. 'ನೀವು ಏಳಾದೇನೂ ಬ್ಯಾಡ ಸಾ. ಬೆಳಿಗ್ಗೇನೇ ನಿಮ್ಮವ್ವ ಬಂದು, ನನ್ ಮಗ ಊವ ಕೇಳಾಕ್ ಬತ್ತಾನೆ, ಬಲುಕ್ಕೇ ಬೀಳಂಗೆ ಮಾಡ್ಬುಡಪ್ಪ ಅಂತ ಕೈ ಮುಗ್ದು ಓಗವ್ರೆ' ಅಂದೆ."

ನಾನು ಅಜ್ಜಿಯ ಕಡೆ ನೋಡಿದೆ. ಅವಳು ಪಡಸಾಲೆಯಲ್ಲಿ ಕೂತು, ನೀರು ಕುಡಿದೂ ಗಟ್ಟಿಯಾಗಿರುವ ಬಾಣಂತಿ ನನ್ನ ಮೊಮ್ಮಗಳು ಅಂತ ಬೀದಿಯವರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಸುಮ್ಮನೆ ನೀರು ಕೊಟ್ಟಿದ್ದರೆ, ಅಂದು ಮಗಳಿಗೆ ಕೊಡದೇ ಹೋದದ್ದು ತಪ್ಪು ಅಂತ ಅವಳೇ ಅವಳಿಗೆ ಹೇಳಿಕೊಂಡಂತೆ ಆಗುತ್ತಿತ್ತು. ಗುಡಿಯ ಅಮ್ಮ ಹೇಳಿದಳು ಅಂತಾದರೆ ತಡೆದುಕೊಳ್ಳಬಹುದು. ಮಾವನಿಗೂ ಅದು ಗೊತ್ತಿತ್ತು. ಊರನ್ನೆಲ್ಲ ತಕ್ಕಡಿಗೆ ಹಾಕಿದ ಮನುಷ್ಯ ತನ್ನ ತಾಯಿಯ ಕಣ್ಣೆದುರು ತನ್ನ ತಂಗಿಯನ್ನು ಮಾತ್ರ ತೂಗಲಾರದೆ ಹೋದರು.

ಸಂಜೆ ನೆಂಟರೆಲ್ಲ ಹೋದ ಮೇಲೆ ಮಾವ ತೊಟ್ಟಿಲು ತೂಗುತ್ತ ಕೂತಿದ್ದರು. ನನಗೆ ಕೆಣಕದೆ ಇರಲಾಗಲಿಲ್ಲ.

"ಮಾವ, ಲೆಕ್ಕದಲ್ಲಿ ನನ್ನನ್ನ ಯಾವ ತಟ್ಟೆಗೆ ಹಾಕಿದಿರಿ?"

"ಯಾವುದಕ್ಕೂ ಹಾಕಲಿಲ್ಲ ಕಣೆ."

"ಯಾಕೆ? ಹೂ ಬಲಕ್ಕೆ ಬಿತ್ತಲ್ಲ?"

ಮಾವ ತೊಟ್ಟಿಲಿನ ಹಗ್ಗ ಹಿಡಿದು ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಅದು ಸಂಶೋಧನೆ ಅಲ್ಲ. ನಿನಗೆ ಬಾಯಾರಿತ್ತು" ಅಂದರು.